‘ಗುಜ್ಜು ಅರಿಗಿಪೋಯಿಂದಿ’ ಎಂಬ ತೀರ್ಪು

ವಿಶಾಖಪಟ್ಟಣವಾಗಲಿ ವಿಜಯವಾಡವಾಗಲಿ, ಐವತ್ತು ದಾಟಿದ ಹೆಂಗಸರು ಮಂಡಿ ನೋವೆಂದು ವೈದ್ಯರ ಎದುರು ಕೂತರೆ ಕೇಳಿಬರುವ ವಾಕ್ಯ ಬಹುಮಟ್ಟಿಗೆ ಒಂದೇ: ‘ಮೋಕಾಲಿ ಗುಜ್ಜು ಅರಿಗಿಪೋಯಿಂದಮ್ಮಾ.’ ಮಂಡಿಯೊಳಗಿನ ತಿರುಳು ಸವೆದುಹೋಗಿದೆ ಎಂದರ್ಥ. ನಮ್ಮ ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಇದರ ಕನ್ನಡ ಜೋಡಿ ‘ಮಂಡಿ ಸವೆದಿದೆ’. ಕೇಳುವುದಕ್ಕೆ ಇದು ರೋಗದ ವಿವರಣೆಯ ಹಾಗಿದೆ. ಕೆಲಸ ಮಾತ್ರ ತೀರ್ಪಿನದು. ಸವೆದ ಚಪ್ಪಲಿಯನ್ನು ಯಾರೂ ಇನ್ನಷ್ಟು ನಡೆದು ಸರಿಪಡಿಸುವುದಿಲ್ಲ. ಸವೆದ ಟೈರನ್ನು ಓಡಿಸಿ ಗಟ್ಟಿ ಮಾಡುವುದಿಲ್ಲ. ಸವೆದದ್ದನ್ನು ಜೋಪಾನವಾಗಿ ಎತ್ತಿಡಬೇಕು, ಇಲ್ಲವೇ ಬದಲಾಯಿಸಬೇಕು. ಅಂದರೆ ಎರಡೇ ದಾರಿ: ಸುಮ್ಮನೆ ಕೂರುವುದು, ಅಥವಾ ಆಪರೇಷನ್. ಮೂರನೆಯ ದಾರಿಯನ್ನು ಈ ಕ್ರಿಯಾಪದವೇ ಮುಚ್ಚಿಬಿಡುತ್ತದೆ.

ಆ ಮೂರನೆಯ ದಾರಿ ವ್ಯಾಯಾಮ. ಅದರಲ್ಲೂ ಈಚೆಗೆ ಫಿಸಿಯೋಥೆರಪಿಯವರು ಚರ್ಚಿಸುತ್ತಿರುವ ಒಂದು ವಿಚಿತ್ರ ಬಗೆ: ತೊಡೆಯ ಮೇಲ್ಭಾಗಕ್ಕೆ ಗಾಳಿ ತುಂಬುವ ಪಟ್ಟಿ ಬಿಗಿದು, ರಕ್ತದ ಓಡಾಟವನ್ನು ಸ್ವಲ್ಪ ತಡೆದು, ಹಗುರವಾದ ತೂಕದಲ್ಲೇ ಸ್ನಾಯು ಬೆಳೆಸುವುದು. ಇಂಗ್ಲಿಷಿನಲ್ಲಿ ಇದಕ್ಕೆ ಬ್ಲಡ್ ಫ್ಲೋ ರಿಸ್ಟ್ರಿಕ್ಷನ್, ಚಿಕ್ಕದಾಗಿ ಬಿ.ಎಫ್.ಆರ್. ಎನ್ನುತ್ತಾರೆ. ಇದರ ಪರವಾಗಿಯೂ ನನ್ನ ವಾದವಿದೆ, ಇದನ್ನು ಮಾರಹೊರಟವರ ವಿರುದ್ಧವೂ ಇದೆ. ಅದಕ್ಕೆ ಮೊದಲು ಆ ಕ್ರಿಯಾಪದದ ಲೆಕ್ಕ ಮುಗಿಯಬೇಕು.

ತೆಲುಗಿನ ‘ಅರುಗು’ ಎಂಬ ಧಾತುವಿಗೆ ಎರಡು ಅರ್ಥ. ಚಪ್ಪಲಿ ಅರುಗುತ್ತದೆ, ಅಂದರೆ ಸವೆಯುತ್ತದೆ. ಉಂಡ ಅನ್ನವೂ ಅರುಗುತ್ತದೆ, ಅಂದರೆ ಜೀರ್ಣವಾಗುತ್ತದೆ. ಕನ್ನಡದಲ್ಲಿ ನಮಗೆ ಉಳಿದಿರುವುದು ಮುಖ್ಯವಾಗಿ ಎರಡನೆಯದು: ಅರಗುವುದು, ಅರಗಿಸಿಕೊಳ್ಳುವುದು. ‘ಗುಜ್ಜು’ ಎಂದರೆ ಮಾವಿನ ಹಣ್ಣಿನ, ಹುಣಸೆಯ ತಿರುಳು. (ಮಂಗಳೂರಿನ ಕಡೆಯವರಿಗೆ ಗುಜ್ಜೆಯ ಪಲ್ಯ ನೆನಪಾದರೆ ತಪ್ಪಲ್ಲ, ಆದರೆ ಅದು ಬೇರೆ ಮಾತು.) ಹೀಗಾಗಿ ಈ ವಾಕ್ಯವನ್ನು ಕನ್ನಡದ ಕಿವಿಯಲ್ಲಿ ಕೇಳಿದವರಿಗೆ ಮಂಡಿಯ ತಿರುಳನ್ನು ಯಾರೋ ತಿಂದು ಅರಗಿಸಿಕೊಂಡ ಹಾಗೆ ಕೇಳುತ್ತದೆ. ಬಳ್ಳಾರಿಯಿಂದ ಮದುವೆಯಾಗಿ ಹೋಗಿ ಜೀವನವಿಡೀ ವಿಜಯವಾಡದಲ್ಲಿ ಕಳೆದ ನನ್ನ ಸೋದರತ್ತೆಗೆ ಹಾಗೇ ಕೇಳಿಸಿತು. ಎಕ್ಸರೆಯನ್ನು ದೀಪಕ್ಕೆ ಹಿಡಿದು ವೈದ್ಯರು ವಾಕ್ಯ ಹೇಳಿ ಮುಗಿಸಿದ ಕೂಡಲೇ ಅವರು ನನ್ನ ಕಡೆ ತಿರುಗಿ, ‘ಏನ್ ತಿಂದ್ರೆ ತಿರುಗಿ ಬರ್ತೈತೆ ಅಂತ ಕೇಳಮ್ಮ’ ಎಂದರು. ನಗುವ ಪ್ರಶ್ನೆಯಲ್ಲ ಇದು. ಕೊಟ್ಟ ರೂಪಕಕ್ಕೆ ತಕ್ಕ ಪ್ರಶ್ನೆ. ತಿರುಳು ಕರಗಿದ್ದರೆ ತಿರುಳು ತುಂಬಬೇಕು. ಯೂಟ್ಯೂಬಿನಲ್ಲಿ ‘ಮೋಕಾಲಿ ಗುಜ್ಜು ಪೆಂಚೇ ಆಹಾರಂ’ ಎಂದು ಹುಡುಕಿ ನೋಡಿ. ಬೆಂಡೆಕಾಯಿ ನೆನೆಸಿದ ನೀರನ್ನು ಬೆಳಿಗ್ಗೆ ಕುಡಿಯಲು ಹೇಳುವವರು ಸಾಲುಗಟ್ಟಿ ನಿಂತಿದ್ದಾರೆ. ಲೋಳೆ ಹೋಗಿದೆ, ಲೋಳೆ ಕುಡಿಯಿರಿ. ಅದಕ್ಕಿಂತ ದುಬಾರಿಯಾದದ್ದು ಬೇಕಿದ್ದವರಿಗೆ ಮಂಡಿಯೊಳಗೆ ಜೆಲ್ಲು ತುಂಬುವ ಇಂಜೆಕ್ಷನ್ ಇದೆ. ಬ್ರಿಟನ್ನಿನ ನೈಸ್ ಸಂಸ್ಥೆ 2022ರ ತನ್ನ ಮಾರ್ಗಸೂಚಿಯಲ್ಲಿ ಅಸ್ಥಿಸಂಧಿವಾತಕ್ಕೆ ಆ ಹೈಯಲುರೊನಿಕ್ ಇಂಜೆಕ್ಷನ್ ಕೊಡಬೇಡಿ ಎಂದು ಸ್ಪಷ್ಟವಾಗಿ ಬರೆದಿದೆ. ಗ್ಲುಕೋಸಮೈನ್ ಗುಳಿಗೆಯೂ ಬೇಡ ಎಂದಿದೆ. ಅದೇ ಕಾಗದ ಎಲ್ಲ ರೋಗಿಗಳಿಗೂ ಮೊದಲ ಚಿಕಿತ್ಸೆಯಾಗಿ ಹೇಳುವುದು ವ್ಯಾಯಾಮ.

ಆ ದಿನ ನಮ್ಮತ್ತೆಯ ಚೀಟಿಯಲ್ಲಿ ವ್ಯಾಯಾಮದ ಸುದ್ದಿ ಇರಲಿಲ್ಲ. ನೆಲದ ಮೇಲೆ ಕೂರಬೇಡಿ, ಮೆಟ್ಟಿಲು ಹತ್ತಬೇಡಿ, ಬಗ್ಗಬೇಡಿ, ತೂಕ ಇಳಿಸಿ. ಕೊನೆಯ ಸಲಹೆಯನ್ನು ಮೊದಲ ಮೂರನ್ನು ಪಾಲಿಸಿಕೊಂಡು ಹೇಗೆ ಸಾಧಿಸುವುದೋ ನನಗಂತೂ ತಿಳಿಯದು.

ಈ ‘ಬೇಡ’ಗಳ ಪಟ್ಟಿ ಬೀಳುತ್ತಿರುವುದು ಎಂಥ ಊರುಗಳ ಮೇಲೆ ಎಂದು ನೋಡಿ. ವಿಜಯವಾಡದ ನೆತ್ತಿಯ ಮೇಲೆ ಇಂದ್ರಕೀಲಾದ್ರಿ, ಅದರ ಮೇಲೆ ಕನಕದುರ್ಗಮ್ಮ. ಹರಕೆ ಹೊತ್ತ ಹೆಂಗಸರು ಅಲ್ಲಿ ಮೆಟ್ಲ ಪೂಜೆ ಮಾಡುತ್ತಾರೆ. ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಬಳಿದು, ಕುಂಕುಮವಿಟ್ಟು, ಮುಂದಿನದಕ್ಕೆ ಏರುತ್ತಾರೆ. ವಿಶಾಖಪಟ್ಟಣದ ಪಕ್ಕದಲ್ಲಿ ಸಿಂಹಾಚಲ. ಆಷಾಢದ ಹುಣ್ಣಿಮೆಗೆ ಅಲ್ಲಿ ಬೆಟ್ಟದ ಸುತ್ತ 32 ಕಿಲೋಮೀಟರಿನ ಗಿರಿಪ್ರದಕ್ಷಿಣೆ. ಬರಿಗಾಲಲ್ಲಿ, ರಾತ್ರಿಯಿಡೀ, ಲಕ್ಷಗಟ್ಟಲೆ ಜನ. ಇವರಲ್ಲಿ ಎಷ್ಟೋ ಮಂದಿಯ ಎಕ್ಸರೆಯಲ್ಲಿ ‘ಗುಜ್ಜು ಅರಗಿ’ ಹೋಗಿರುತ್ತದೆ. ಚೀಟಿ ಬೇಡ ಎಂದದ್ದನ್ನು ದೇವರಿಗಾಗಿ ವರ್ಷಕ್ಕೊಂದು ದಿನ ಮಾಡಿ, ಉಳಿದ ದಿನ ಕುರ್ಚಿಯಲ್ಲಿ ಕೂತು, ಆಮೇಲೆ ಬಂದ ನೋವಿಗೆ ದೇವರ ದಾರಿಯನ್ನೇ ದೂರುತ್ತಾರೆ. ಅಭ್ಯಾಸವಿಲ್ಲದ ಕಾಲಿಗೆ ಒಂದೇ ದಿನ 32 ಕಿಲೋಮೀಟರು ಹೇರಿದರೆ ಯಾವ ವಯಸ್ಸಿನ ಮಂಡಿಯೂ ಊದುತ್ತದೆ. ದೂರಬೇಕಾದದ್ದು ಆ ಉಳಿದ ದಿನಗಳ ಕುರ್ಚಿಯನ್ನು.

ಮಂಡಿ ಟೈರಲ್ಲ. ಮೂಳೆಗಳ ತುದಿಯ ಮೃದ್ವಸ್ಥಿಗೆ ಅದರದೇ ಆದ ರಕ್ತನಾಳಗಳಿಲ್ಲ. ಸುತ್ತಲಿನ ದ್ರವದಿಂದ ಅದಕ್ಕೆ ಆಹಾರ ಸಿಗಬೇಕು. ಕಾಲೂರಿದಾಗ ಹಿಂಡಿ, ಎತ್ತಿದಾಗ ಹೀರಿಕೊಳ್ಳುವ ಈ ಓಡಾಟ ಭಾರ ಬಿದ್ದರೆ ಮಾತ್ರ ನಡೆಯುತ್ತದೆ. ಅಲ್ಲದೆ ಅಸ್ಥಿಸಂಧಿವಾತ ಮೃದ್ವಸ್ಥಿಯೊಂದರ ಕಾಯಿಲೆಯಲ್ಲ. ಅಡಿಯ ಮೂಳೆ, ಕೀಲಿನ ಒಳಪದರ, ಸುತ್ತಲಿನ ಸ್ನಾಯು ಎಲ್ಲವೂ ಅದರಲ್ಲಿ ಸೇರಿವೆ. ಒಡೆಯುವುದರ ಜೊತೆಗೆ ಕಟ್ಟುವ ಕೆಲಸವೂ ಅಲ್ಲಿ ನಡೆದಿರುತ್ತದೆ. ಇನ್ನು ಎಕ್ಸರೆ. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು 1957ರಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಶ್ರೇಣಿ ಮಾಡಿಟ್ಟರು. ಇಂದಿಗೂ ‘ಗ್ರೇಡ್ ಮೂರಂತೆ’ ಎಂದು ಮನೆಮಂದಿ ಪಿಸುಗುಡುವುದು ಆ ಶ್ರೇಣಿಯನ್ನೇ. ಗ್ರೇಡಿಗೂ ನೋವಿಗೂ ಇರುವ ನಂಟು ಸಡಿಲ. ಅಮೆರಿಕದ ಫ್ರೇಮಿಂಗ್‌ಹ್ಯಾಮಿನಲ್ಲಿ ಎಕ್ಸರೆಯಲ್ಲಿ ಏನೂ ಕಾಣದ, ಐವತ್ತು ದಾಟಿದ 710 ಜನರ ಮಂಡಿಯನ್ನು ಎಂ.ಆರ್.ಐ.ಯಲ್ಲಿ ನೋಡಿದರು. ನೂರಕ್ಕೆ 89 ಜನರಲ್ಲಿ ಒಂದಲ್ಲ ಒಂದು ಬದಲಾವಣೆ ಸಿಕ್ಕಿತು. ನೋವಿದ್ದವರಲ್ಲೂ ಇಲ್ಲದವರಲ್ಲೂ ಹೆಚ್ಚುಕಡಿಮೆ ಅಷ್ಟೇ. ತಲೆಗೂದಲು ಬೆಳ್ಳಗಾಗುವುದನ್ನು ನಾವು ‘ತಲೆ ಸವೆದಿದೆ’ ಎನ್ನುವುದಿಲ್ಲವಲ್ಲ!

‘ಮಾತಿನಲ್ಲೇನಿದೆ, ರೋಗಿಗೆ ಅರ್ಥವಾಗಲೆಂದು ಸರಳವಾಗಿ ಹೇಳುತ್ತೇವೆ’ ಎಂಬ ವೈದ್ಯರ ಸಮಜಾಯಿಷಿಯನ್ನು ಬಹಳ ಸಲ ಕೇಳಿದ್ದೇನೆ. ಭಾಷಾವಿಜ್ಞಾನ ಓದಿ ಅನುವಾದದಲ್ಲಿ ಹೊಟ್ಟೆ ಹೊರೆಯುವ ನನ್ನಂಥವರಿಗೆ ಇದು ಒಪ್ಪಿಗೆಯಾಗದ ಮಾತು. ಮಂಡಿ ಬದಲಾವಣೆಗೆ ಹೆಸರು ಬರೆಸಿ ಕಾದಿದ್ದ ರೋಗಿಗಳನ್ನು ಆಸ್ಟ್ರೇಲಿಯಾದ ಸಂಶೋಧಕರು ಮಾತಾಡಿಸಿದಾಗ ಇದೇ ತರ್ಕ ಹೊರಬಿತ್ತು. ಮೂಳೆಗೆ ಮೂಳೆ ಉಜ್ಜುತ್ತಿದೆ, ಸವೆಯುತ್ತಿದೆ, ಹಾಗಿರುವಾಗ ವ್ಯಾಯಾಮ ಮಾಡಿದರೆ ಇನ್ನಷ್ಟು ಸವೆಯುವುದಿಲ್ಲವೇ? ಅವರು ದಡ್ಡರಲ್ಲ. ಕೇಳಿದ ವಾಕ್ಯದಿಂದ ಬರಬೇಕಾದ ತೀರ್ಮಾನಕ್ಕೇ ಬಂದಿದ್ದರು. ಭಾರತದ ಐದು ಸಾವಿರ ಜನರ ಸಮೀಕ್ಷೆಯೊಂದು 2016ರಲ್ಲಿ ಪ್ರಕಟವಾಗಿ, ನೂರಕ್ಕೆ 28.7 ಜನರಿಗೆ ಮಂಡಿಯ ಅಸ್ಥಿಸಂಧಿವಾತ ಇದೆ ಎಂದಿತ್ತು. ಇಷ್ಟು ಜನಕ್ಕೆ ಒಂದು ತಪ್ಪು ಕ್ರಿಯಾಪದ ಹಂಚುವುದು ಸಣ್ಣ ಸಂಗತಿಯೇ?

ಸುಮ್ಮನೆ ಕೂತವರಲ್ಲಿ ಮೊದಲು ಸೋಲುವುದು ತೊಡೆಯ ಮುಂಭಾಗದ ಸ್ನಾಯು. ನಡೆಯುವಾಗ, ಮೆಟ್ಟಿಲಿಳಿಯುವಾಗ ಮಂಡಿಯ ಮೇಲೆ ಬೀಳುವ ಏಟನ್ನು ಹಿಡಿದುಕೊಳ್ಳುವುದು ಅದು. ನೋವು, ಊತ ಇರುವ ಮಂಡಿ ನರಗಳ ಮೂಲಕ ಆ ಸ್ನಾಯುವಿಗೆ ಹೋಗುವ ಆಜ್ಞೆಯನ್ನೇ ತಗ್ಗಿಸುತ್ತದೆ. ಬಲ ಕುಂದುತ್ತದೆ, ಮಂಡಿ ಇನ್ನಷ್ಟು ನೋಯುತ್ತದೆ, ನೋವಿಗೆ ಹೆದರಿ ಮನುಷ್ಯ ಕುರ್ಚಿ ಹಿಡಿಯುತ್ತಾನೆ. ಈ ಸುತ್ತನ್ನು ಕಡಿಯಬೇಕೆಂದರೆ ಸ್ನಾಯು ಬೆಳೆಯಬೇಕು. ಸ್ನಾಯು ಬೆಳೆಯಲು, ಜಿಮ್ಮಿನ ಹುಡುಗರಿಗೆಲ್ಲ ಗೊತ್ತಿರುವಂತೆ, ಭಾರ ಎತ್ತಬೇಕು. ಒಮ್ಮೆ ಮಾತ್ರ ಎತ್ತಬಲ್ಲ ಗರಿಷ್ಠ ತೂಕದ ನೂರಕ್ಕೆ ಎಪ್ಪತ್ತೋ ಎಂಬತ್ತೋ ಪಾಲು. ನೋಯುವ ಮಂಡಿ ಅಷ್ಟನ್ನು ತಾಳುವುದಿಲ್ಲ. ಬಿ.ಎಫ್.ಆರ್. ನುಗ್ಗಿ ಬಂದದ್ದು ಈ ಸಂದಿನಲ್ಲಿ.

ಇದರ ಹುಟ್ಟಿನ ಕತೆ ನೆಲದ ಮೇಲೆ ಕೂರುವ ನಮಗೆಲ್ಲ ಹಿಡಿಸುವಂಥದ್ದು. ಜಪಾನಿನ ಯೋಶಿಯಾಕಿ ಸಾಟೊ ಎಂಬಾತ 1966ರಲ್ಲಿ ಒಂದು ಬೌದ್ಧ ಸಮಾರಂಭದಲ್ಲಿ ಅವರ ಪದ್ಧತಿಯಂತೆ ಮಂಡಿಯೂರಿ ಬಹಳ ಹೊತ್ತು ಕೂತು, ಮೀನಖಂಡ ಜೋಮು ಹಿಡಿದು ಬಿಗಿದುಕೊಂಡಾಗ, ಕಠಿಣ ವ್ಯಾಯಾಮದ ನಂತರದ ಬಿಗಿತದ ಹಾಗೆಯೇ ಇದೆಯಲ್ಲ ಎಂದು ಯೋಚಿಸಿದನಂತೆ. ಸೈಕಲ್ ಟ್ಯೂಬು, ಹಗ್ಗ ಕಟ್ಟಿಕೊಂಡು ತನ್ನ ಮೇಲೇ ವರ್ಷಗಟ್ಟಲೆ ಪ್ರಯೋಗ ಮಾಡಿದ. ಅದಕ್ಕೆ ಕಾತ್ಸು ಎಂದು ಹೆಸರಿಟ್ಟ. ಪ್ರಯೋಗಾಲಯಗಳು ಇದನ್ನು ಗಂಭೀರವಾಗಿ ತೆಗೆದುಕೊಂಡದ್ದು ಬಹುತೇಕ 2000ದ ನಂತರ.

ಕೆಲಸ ಮಾಡುವ ಬಗೆ ಹೀಗೆ. ಬಿ.ಪಿ. ನೋಡುವ ಪಟ್ಟಿಯಂಥದ್ದೇ, ಅದಕ್ಕಿಂತ ದೊಡ್ಡದಾದ ಪಟ್ಟಿಯನ್ನು ತೊಡೆಯ ಬುಡಕ್ಕೆ ಸುತ್ತುತ್ತಾರೆ. ಕಾಲಿಗೆ ಇಳಿಯುವ ರಕ್ತ ಪೂರ್ತಿ ನಿಲ್ಲುವ ಒತ್ತಡ ಎಷ್ಟೆಂದು ಡಾಪ್ಲರ್ ಯಂತ್ರದಿಂದ ಆ ವ್ಯಕ್ತಿಗೇ ಅಳೆಯುತ್ತಾರೆ. ಅದರ ನೂರಕ್ಕೆ 40ರಿಂದ 80ರಷ್ಟು ಮಾತ್ರ ಗಾಳಿ ತುಂಬುತ್ತಾರೆ. ಕೆಳಗಿಳಿಯುವ ರಕ್ತ ಕಡಿಮೆಯಾಗುತ್ತದೆ, ಮೇಲೇರಬೇಕಾದದ್ದು ತಡೆಯುತ್ತದೆ. ಈಗ ಗರಿಷ್ಠದ ನೂರಕ್ಕೆ 20ರಿಂದ 30ರಷ್ಟೇ ತೂಕದಲ್ಲಿ ಕಾಲು ಚಾಚಿ ಮಡಿಸುವ ವ್ಯಾಯಾಮ: ಮೊದಲು 30 ಸಲ, ಅರ್ಧ ನಿಮಿಷ ಬಿಡುವು, ಆಮೇಲೆ 15, 15, 15. ಆಮ್ಲಜನಕ ಸಾಲದ ಸ್ನಾಯು ಬೇಗ ದಣಿಯುತ್ತದೆ. ದೊಡ್ಡ ಭಾರಕ್ಕೆ ಮಾತ್ರ ಏಳುವ ತಂತುಗಳು ಈ ಸಣ್ಣ ಭಾರಕ್ಕೇ ಏಳುತ್ತವೆ. ಸ್ನಾಯುವಿಗೆ ತಾನು ಭಾರಿ ಕಲ್ಲು ಹೊತ್ತ ಭ್ರಮೆ, ಕೀಲಿಗೆ ಮಾತ್ರ ಹೂವಿನ ಭಾರ. ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ. ಸುಖವಾದ ವ್ಯಾಯಾಮವೇನಲ್ಲ. ತೊಡೆ ಉರಿಯುತ್ತದೆ, ಕಾಲು ಕೆಂಪೇರುತ್ತದೆ.

ಬ್ರೆಜಿಲ್‌ನಲ್ಲಿ ಮಂಡಿಯ ಅಸ್ಥಿಸಂಧಿವಾತವಿದ್ದ 48 ಹೆಂಗಸರನ್ನು ಮೂರು ಗುಂಪು ಮಾಡಿ 12 ವಾರ ನೋಡಿದ ಪರೀಕ್ಷೆಯೊಂದು 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಭಾರಿ ತೂಕ, ಒಂದಕ್ಕೆ ಹಗುರ ತೂಕ, ಒಂದಕ್ಕೆ ಹಗುರ ತೂಕದ ಜೊತೆ ಪಟ್ಟಿ. ಪಟ್ಟಿ ಕಟ್ಟಿದವರ ಬಲವೂ ಸ್ನಾಯುವಿನ ಗಾತ್ರವೂ ಭಾರಿ ತೂಕದವರ ಮಟ್ಟಕ್ಕೇ ಬೆಳೆಯಿತು. ಭಾರಿ ತೂಕದ 16 ಜನರಲ್ಲಿ ನಾಲ್ವರು ಮಂಡಿ ನೋವು ತಾಳದೆ ಬಿಟ್ಟುಹೋದರು. ನನಗೆ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಆ ನಾಲ್ವರು. ವ್ಯಾಯಾಮ ಮಾಡಿ ಎಂದು ಉಪದೇಶಿಸುವವರ ಲೆಕ್ಕದಲ್ಲಿ ಇವರು ‘ಸಹಕರಿಸದ ರೋಗಿಗಳು’. ಅವರಿಗೆ ಇಲ್ಲೊಂದು ಬಾಗಿಲು ತೆರೆಯುತ್ತದೆ.

ಆದರೆ ಅದೇ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿಯಿದೆ. ಪಟ್ಟಿ ಮಾರುವವರು ಅದನ್ನು ಹೇಳುವುದಿಲ್ಲ. ಪಟ್ಟಿಯಿಲ್ಲದೆ ಬರೀ ಹಗುರ ತೂಕ ಎತ್ತಿದವರ ನೋವೂ ಇಳಿದಿತ್ತು. ಅಮೆರಿಕದಲ್ಲಿ 377 ಜನರನ್ನು 18 ತಿಂಗಳು ಹಿಂಬಾಲಿಸಿ 2021ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಭಾರಿ ತೂಕದವರಿಗೂ ಹಗುರ ತೂಕದವರಿಗೂ ನೋವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ತೂಕದ ತರಬೇತಿಯಿಲ್ಲದೆ ಬರೀ ತಿಳಿವಳಿಕೆ, ಮಾತುಕತೆಯ ತರಗತಿಗೆ ಬಂದವರಿಗಿಂತಲೂ ಭಾರಿ ತೂಕದವರು ಮೇಲಾಗಲಿಲ್ಲ. ಮುಜುಗರದ ಫಲಿತಾಂಶ, ಒಪ್ಪುತ್ತೇನೆ. ವ್ಯಾಯಾಮದ ಪರ ವಾದಿಸುವವರು ಇದನ್ನು ಬಚ್ಚಿಡಬಾರದು. ಬಿ.ಎಫ್.ಆರ್. ಕುರಿತ ಪರೀಕ್ಷೆಗಳೆಲ್ಲ ಸಣ್ಣವು. ಸಾಂಪ್ರದಾಯಿಕ ವ್ಯಾಯಾಮಕ್ಕಿಂತ ಇದು ನೋವಿಗೆ ಮೇಲು ಎಂದು ಅವು ತೋರಿಸಿಲ್ಲ. ತೋರಿಸಿರುವುದು ಇಷ್ಟು: ಭಾರ ತಾಳದವರ ಕಾಲಿಗೂ ಬಲ ತುಂಬಬಹುದು. ಕುರ್ಚಿಯಿಂದ ಕೈಯೂರದೆ ಏಳಬೇಕೆನ್ನುವ ಅರವತ್ತೈದರ ಹೆಂಗಸಿಗೆ ಬಲವೇನು ಕಡಿಮೆ ವರವೇ?

ಈಗ ನನ್ನ ಜಗಳ. ಈ ಎರಡೂ ಊರುಗಳಿಗೆ ಬಿ.ಎಫ್.ಆರ್. ಯಾವ ರೂಪದಲ್ಲಿ ಬರಲಿದೆ ಎಂದು ಊಹಿಸಲು ಜ್ಯೋತಿಷ್ಯ ಬೇಡ. ವಿಶಾಖಪಟ್ಟಣದ ಮಹಾರಾಣಿಪೇಟೆಯಲ್ಲೋ ವಿಜಯವಾಡದ ಸೂರ್ಯಾರಾವುಪೇಟೆಯಲ್ಲೋ ಒಂದು ಸುತ್ತು ಹಾಕಿ. ಆಸ್ಪತ್ರೆ, ಲ್ಯಾಬು, ಔಷಧದಂಗಡಿ ಒತ್ತೊತ್ತಾಗಿ ನಿಂತ ಬೀದಿಗಳು. ತಲೆಯೆತ್ತಿದರೆ ರೋಬೋಟಿಕ್ ಮಂಡಿ ಬದಲಾವಣೆಯ ಹೋರ್ಡಿಂಗು, ಅದರಲ್ಲಿ ನಗುತ್ತಾ ಓಡುವ ಅಜ್ಜಿ. ಇಂಥಲ್ಲಿ ಬಿ.ಎಫ್.ಆರ್. ಕೂಡ ಒಂದು ಯಂತ್ರವಾಗಿ, ಜಪಾನಿ ತಂತ್ರಜ್ಞಾನವಾಗಿ, ಹತ್ತು ಸಿಟ್ಟಿಂಗಿನ ಪ್ಯಾಕೇಜಾಗಿ ಬರುತ್ತದೆ. ಹತ್ತು ಸಿಟ್ಟಿಂಗಿನಲ್ಲಿ ಸ್ನಾಯು ಬೆಳೆಯುವುದಿಲ್ಲ. ಪ್ಯಾಕೇಜು ಮುಗಿದ ಮೇಲೆ ‘ಫಿಸಿಯೋಥೆರಪಿಯೂ ಮಾಡಿ ನೋಡಿದೆವು, ಆಗಲಿಲ್ಲ’ ಎಂಬ ವಾಕ್ಯ ರೋಗಿಯ ಕಡತಕ್ಕೆ ಸೇರುತ್ತದೆ, ಆಪರೇಷನ್ನಿನ ತಾರೀಖು ಗೊತ್ತಾಗುತ್ತದೆ. ವ್ಯಾಯಾಮ ಹೀಗೆ ಆಪರೇಷನ್ನಿನ ದಾರಿಯ ಟೋಲ್ ಗೇಟು ಆಗಿಬಿಡುತ್ತದೆ.

ಇನ್ನೊಂದು ದಾರಿ ಆನ್‌ಲೈನ್ ಅಂಗಡಿ. ಒತ್ತಡ ತೋರಿಸುವ ಮಾಪಕವೇ ಇಲ್ಲದ, ಬಕಲ್ ಎಳೆದು ಬಿಗಿಯುವ ಎಲಾಸ್ಟಿಕ್ ಪಟ್ಟಿಗಳು ಜೋಡಿ ಲೆಕ್ಕದಲ್ಲಿ ಸಿಗುತ್ತವೆ. ದೇಹದಾರ್ಢ್ಯದ ಹುಡುಗರಿಗೆ ಮಾಡಿದ್ದನ್ನು ಮಗ ಅಮ್ಮನಿಗೆ ತರಿಸಿಕೊಡುತ್ತಾನೆ. ದಪ್ಪ ತೊಡೆಗೂ ಸಣ್ಣ ತೊಡೆಗೂ, ಅಗಲ ಪಟ್ಟಿಗೂ ಕಿರಿದಾದ ಪಟ್ಟಿಗೂ ರಕ್ತ ನಿಲ್ಲುವ ಒತ್ತಡ ಬೇರೆ ಬೇರೆ. ಅಳೆಯದೆ ಬಿಗಿಯುವುದು ಕಣ್ಣು ಮುಚ್ಚಿ ಇನ್ಸುಲಿನ್ ಚುಚ್ಚಿದ ಹಾಗೆ. ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸವಿದ್ದವರು, ಹತೋಟಿಗೆ ಬಾರದ ರಕ್ತದೊತ್ತಡದವರು, ಕಾಲಿನ ರಕ್ತನಾಳ ಕಿರಿದಾದವರು ಇದರ ಹತ್ತಿರ ಸುಳಿಯಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಪಟ್ಟಿ ಹೆಚ್ಚು ಬಿಗಿಯಾದದ್ದೇ ತಿಳಿಯದೆ ಹೋಗಬಹುದು.

ವಿಶಾಖಪಟ್ಟಣಕ್ಕೆ ಇನ್ನೂ ಒಂದು ಎಚ್ಚರಿಕೆ ಬೇಕು. 1923ರಿಂದ ಇರುವ ಅಲ್ಲಿನ ಕಿಂಗ್ ಜಾರ್ಜ್ ಆಸ್ಪತ್ರೆಗೆ ಪಾಡೇರು, ಅರಕುವಿನ ಏಜೆನ್ಸಿ ಪ್ರದೇಶದ ಬುಡಕಟ್ಟು ಜನ ಬೆಟ್ಟವಿಳಿದು ಬರುತ್ತಾರೆ. ಆ ಸೀಮೆಯಲ್ಲಿ ಕುಡಗೋಲು ಕಣ ರಕ್ತಹೀನತೆ ಇದೆ. ಆಮ್ಲಜನಕ ಕಡಿಮೆಯಾದಾಗ ಅವರ ಕೆಂಪು ರಕ್ತಕಣ ಕುಡಗೋಲಿನ ಆಕಾರಕ್ಕೆ ಬಾಗಿ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕಾಲಿನ ಆಮ್ಲಜನಕ ಕಡಿಮೆ ಮಾಡುವುದೇ ಬಿ.ಎಫ್.ಆರ್.ನ ಮರ್ಮ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಈ ಕಾಯಿಲೆಯ ನಿರ್ಮೂಲನೆಗೆ ಅಭಿಯಾನ ಶುರುಮಾಡಿ ಬುಡಕಟ್ಟು ಜಿಲ್ಲೆಗಳಲ್ಲಿ ತಪಾಸಣೆ ನಡೆಸುತ್ತಿದೆ. ಆ ಪರೀಕ್ಷೆ ಆಗಿದೆಯೇ ಎಂದು ಕೇಳದೆ ಅಲ್ಲಿ ಒಬ್ಬರ ಕಾಲಿಗೂ ಪಟ್ಟಿ ಕಟ್ಟಬಾರದು. ಅಮೆರಿಕದಿಂದಲೋ ಜಪಾನಿನಿಂದಲೋ ತಂದ ಮುದ್ರಿತ ಪ್ರಶ್ನಾವಳಿಯಲ್ಲಿ ಈ ಪ್ರಶ್ನೆ ಕೊನೆಯ ಸಾಲಿನಲ್ಲಿದ್ದರೆ, ಇಲ್ಲಿ ಅದು ಮೊದಲ ಸಾಲಿಗೆ ಬರಬೇಕು.

‘ಹಾಗಾದರೆ ಇಷ್ಟೆಲ್ಲ ರಗಳೆ ಏಕೆ? ಮಂಡಿ ಬದಲಾವಣೆ ಒಳ್ಳೆಯ ಆಪರೇಷನ್ ಅಲ್ಲವೇ?’ ಹೌದು, ಒಳ್ಳೆಯದು. ರಾತ್ರಿ ನಿದ್ದೆಗೆಡಿಸುವ ನೋವು, ಸೊಟ್ಟಗಾದ ಕಾಲು, ಬಚ್ಚಲಿಗೂ ಹೋಗಲಾಗದ ಸ್ಥಿತಿ ಇದ್ದವರಿಗೆ ಅದು ಬದುಕನ್ನೇ ಮರಳಿಸುತ್ತದೆ. ಅದನ್ನು ಅಲ್ಲಗಳೆಯುವವರ ಜೊತೆ ನಾನಿಲ್ಲ. ಡೆನ್ಮಾರ್ಕಿನ ಒಂದು ಪರೀಕ್ಷೆ (2015) ಈ ತಕ್ಕಡಿಯನ್ನು ನ್ಯಾಯವಾಗಿ ತೂಗಿದೆ. ಆಪರೇಷನ್ನಿಗೆ ಅರ್ಹರಾದ ನೂರು ಜನರಲ್ಲಿ ಅರ್ಧ ಮಂದಿಗೆ ಆಪರೇಷನ್ ಮತ್ತು ವ್ಯಾಯಾಮ, ಇನ್ನರ್ಧಕ್ಕೆ 12 ವಾರದ ವ್ಯಾಯಾಮ, ತಿಳಿವಳಿಕೆ, ಆಹಾರ ಸಲಹೆ, ಬೇಕಿದ್ದರೆ ನೋವಿನ ಮಾತ್ರೆ ಮಾತ್ರ. ವರ್ಷದ ಕೊನೆಗೆ ಗಮನಾರ್ಹವಾಗಿ ನೋವಿಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 85, ಎರಡನೆಯದರಲ್ಲಿ 67. ಗಂಭೀರ ತೊಂದರೆಗಳು ಮೊದಲ ಗುಂಪಿನಲ್ಲಿ 24, ಎರಡನೆಯದರಲ್ಲಿ ಆರು. ಎರಡನೆಯ ಗುಂಪಿನ 50ರಲ್ಲಿ 13 ಜನ ಮಾತ್ರ ಆ ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರು. ಅಂದರೆ ಕತ್ತಿಗೆ ಹೋಗಬೇಕಿದ್ದವರಲ್ಲಿ ಹೆಚ್ಚುಪಾಲು ಜನ ಒಂದು ವರ್ಷ ಅದಿಲ್ಲದೆ ಸಾಗಿದರು. ಈ ಅಂಕಿಗಳನ್ನು ರೋಗಿಯ ಮುಂದಿಟ್ಟು ‘ನಿಮಗೆ ಯಾವುದು ಬೇಕು’ ಎಂದು ಕೇಳುವುದು ಒಪ್ಪಿಗೆ ಪಡೆಯುವ ಕ್ರಮ. ‘ಗುಜ್ಜು ಅರಿಗಿಪೋಯಿಂದಿ’ ಎಂದು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ಒಪ್ಪಿಗೆ ಎನ್ನಲಾರೆ.

ಹಣದ ದಾರಿಯೂ ಒಂದೇ ಕಡೆಗೆ ಇಳಿಜಾರಾಗಿದೆ. ಕೃತಕ ಮಂಡಿಗೆ ಸರ್ಕಾರ 2017ರ ಆಗಸ್ಟಿನಲ್ಲಿ ಬೆಲೆ ಕಟ್ಟಿತು, ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಜೋಡಣೆಗೆ ಆಗ 54,720 ರೂಪಾಯಿ. ಒಳ್ಳೆಯ ಕೆಲಸ. ಆಯುಷ್ಮಾನ್ ಭಾರತ್‌ನ ಪ್ಯಾಕೇಜು ಪಟ್ಟಿಯಲ್ಲಿ ಮಂಡಿ ಬದಲಾವಣೆ ಇದೆ. 2024ರಿಂದ ಎಪ್ಪತ್ತು ದಾಟಿದ ಎಲ್ಲರಿಗೂ ಆ ಯೋಜನೆ ಅನ್ವಯಿಸುತ್ತದೆ. ಅದೂ ಒಳ್ಳೆಯದೇ. ಆದರೆ ಆಸ್ಪತ್ರೆಯಲ್ಲಿ ಮಲಗದೆ ಹೊರರೋಗಿಯಾಗಿ ಬರುವವರ ಚಿಕಿತ್ಸೆ ಆ ಯೋಜನೆಯ ಹೊರಗೆ. ವಾರಕ್ಕೆ ಎರಡು ಸಲ, ಮೂರು ತಿಂಗಳು, ಫಿಸಿಯೋಥೆರಪಿಸ್ಟರ ಕಣ್ಣೆದುರು ಕಾಲು ಚಾಚಿ ಮಡಿಸುವುದಕ್ಕೆ ಯಾವ ಕಾರ್ಡೂ ನಡೆಯದು. ಆಟೋ ಖರ್ಚು, ಫೀಸು, ಜೊತೆಗೆ ಬರುವ ಮಗಳ ಅರ್ಧ ದಿನದ ಸಂಬಳ ಎಲ್ಲ ಮನೆಯದು. ಮಂಡಿಯನ್ನು ಕೊಯ್ದರೆ ಸರ್ಕಾರ ದುಡ್ಡು ಕೊಡುತ್ತದೆ, ಉಳಿಸಿಕೊಂಡರೆ ನಾವೇ ಕೊಡಬೇಕು.

ವಿಜಯವಾಡದಲ್ಲಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, 1986ರಲ್ಲಿ ಶುರುವಾದದ್ದು. ಆಂಧ್ರದ ಫಿಸಿಯೋಥೆರಪಿ ಕಾಲೇಜುಗಳ ಪದವಿ ಪತ್ರ ಬರುವುದು ಅಲ್ಲಿಂದ. 2022ರಲ್ಲಿ ಎನ್.ಟಿ.ಆರ್. ಹೆಸರು ತೆಗೆದು ವೈ.ಎಸ್.ಆರ್. ಹೆಸರಿಟ್ಟರು, 2024ರಲ್ಲಿ ಮತ್ತೆ ಎನ್.ಟಿ.ಆರ್. ಹೆಸರಿಟ್ಟರು. ಎರಡೂ ಸಲ ವಿಧಾನಸಭೆಯಲ್ಲಿ ಎಷ್ಟು ಆವೇಶ! ಅಲ್ಲಿಂದ ಹೊರಬರುವ ಹುಡುಗ ಹುಡುಗಿಯರಿಗೆ ಏನು ಕೆಲಸ ಕಾದಿದೆ ಎಂಬ ಬಗ್ಗೆ ಅದರ ಅರ್ಧ ಆವೇಶವಾದರೂ ಬೇಡವೇ? ದೇಶಕ್ಕೆಲ್ಲ ಅನ್ವಯಿಸುವ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆ 2021ರಲ್ಲೇ ಬಂದು ಫಿಸಿಯೋಥೆರಪಿಗೆ ವೃತ್ತಿಯ ಮಾನ್ಯತೆ ಕೊಟ್ಟಿದೆ. ಮಾನ್ಯತೆ ಕಾಗದದಲ್ಲಿದೆ, ಹುಡುಗಿ ಮಾತ್ರ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೇಣದ ಶಾಖ ಕೊಡುತ್ತಾ, ಕರೆಂಟಿನ ಪ್ಯಾಡು ಅಂಟಿಸುತ್ತಾ ನಿಂತಿದ್ದಾಳೆ. ಕಲಿತದ್ದನ್ನು ಮಾಡಲು ಅವಳಿಗೆ ಒಬ್ಬ ರೋಗಿಯ ಜೊತೆ ಮುಕ್ಕಾಲು ಗಂಟೆ ಬೇಕು. ಅವಳಿಗೆ ಸಿಗುವುದು ಅದರ ಚೂರು.

ಸಲಕರಣೆಯ ನೆಪವಂತೂ ವಿಶಾಖಪಟ್ಟಣದಲ್ಲಿ ನಡೆಯಬಾರದು. 2018ರಲ್ಲಿ ಉದ್ಘಾಟನೆಯಾದ ಆಂಧ್ರಪ್ರದೇಶ ಮೆಡ್‌ಟೆಕ್ ಜೋನ್ ಆ ಊರಿನಲ್ಲೇ ಇದೆ. ವೈದ್ಯಕೀಯ ಸಲಕರಣೆಗಳನ್ನು ದೇಶದಲ್ಲೇ ತಯಾರಿಸಲೆಂದೇ ಕಟ್ಟಿದ ಪಾರ್ಕು ಅದು. ಕೋವಿಡ್ ಕಾಲದಲ್ಲಿ ವೆಂಟಿಲೇಟರ್ ಮಾಡಿದ ಜಾಗಕ್ಕೆ ಒಂದು ಗಾಳಿ ಪಟ್ಟಿ, ಒಂದು ಮಾಪಕ, ಮಿತಿ ಮೀರಿದರೆ ತಾನೇ ಗಾಳಿ ಬಿಡುವ ಒಂದು ಕವಾಟ ಕಷ್ಟದ ಕೆಲಸವಲ್ಲ. ಕೇಳುವವರು ಬೇಕು. ಆರಂಭವನ್ನು ಕಿಂಗ್ ಜಾರ್ಜ್ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಮಾಡಲಿ. ಹೋರ್ಡಿಂಗ್ ಬೇಡ, ರಿಜಿಸ್ಟರು ಇರಲಿ. ಎಷ್ಟು ಜನ ಬಂದರು, ಎಷ್ಟು ಜನ ಬಿಟ್ಟರು, ಹನ್ನೆರಡು ವಾರಕ್ಕೆ ಕುರ್ಚಿಯಿಂದ ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂತರು, ಯಾರಿಗೆ ಏನು ತೊಂದರೆಯಾಯಿತು. ಭಾರ ತಾಳುವವರಿಗೆ ಪಟ್ಟಿಯಿಲ್ಲದ ವ್ಯಾಯಾಮ, ತಾಳದವರಿಗೆ ಮಾತ್ರ ಪಟ್ಟಿ.

ಜೊತೆಗೆ ಮನೆಗೆ ಕೊಟ್ಟು ಕಳಿಸುವ ಕಾಗದ. ಇಂಥ ಕಾಗದಗಳು ಅನುವಾದಕ್ಕೆಂದು ನನ್ನ ಕೈಗೂ ಬರುತ್ತವೆ. ‘ರಕ್ತ ಪರಿಚಲನಾ ನಿರ್ಬಂಧಿತ ಸ್ನಾಯು ಬಲವರ್ಧನಾ ವ್ಯಾಯಾಮ’ ಎಂಬ ಸಾಲನ್ನು ಓದಿದ ಯಾವ ಅಜ್ಜಿಯೂ ಎರಡನೆಯ ಸಾಲಿಗೆ ಬರುವುದಿಲ್ಲ. ರಕ್ತ ನಿಲ್ಲಿಸುತ್ತಾರಂತೆ ಎಂದು ಎದ್ದು ಹೋಗುತ್ತಾರೆ. ‘ಸಂಧಿವಾತ’ ಎಂಬ ಒಂದೇ ಪದದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ಎರಗುವ ಕಾಯಿಲೆಯನ್ನೂ ಈ ಕಾಯಿಲೆಯನ್ನೂ ಸೇರಿಸಿ ಗಂಟು ಹಾಕಿದ್ದೇವೆ, ಅದನ್ನೂ ಬಿಡಿಸಬೇಕು. ನನಗೆ ಕೇಳಿದರೆ ಬಿ.ಎಫ್.ಆರ್.ಗೆ ‘ಬಿಗಿಪಟ್ಟಿ ವ್ಯಾಯಾಮ’ ಸಾಕು. ಕಣ್ಣಿಗೆ ಕಾಣುವುದು ಅದೇ. ‘ಮಂಡಿ ಸವೆದಿದೆ’ ಎನ್ನುವಲ್ಲಿ ‘ಮಂಡಿಯ ಕೀಲು ಬಿಗಿದು ನೋಯುತ್ತಿದೆ, ತೊಡೆಯ ಬಲ ಕುಂದಿದೆ, ಬಲವನ್ನು ಮತ್ತೆ ತರಬಹುದು’ ಎಂದು ಬರೆಯಬಹುದು. ಉದ್ದವಾಯಿತು ಎಂದರೆ ಆಗಲಿ, ಕಾಗದಕ್ಕೇನು ಬರ. ತೆಲುಗಿನವರಿಗೆ ಅವರದೇ ಮಾತಿನಲ್ಲಿ, ಪಾಡೇರಿನಿಂದ ಬಂದವರಿಗೆ ಅವರ ಮಾತು ಬಲ್ಲವರು ಓದಿ ಹೇಳುವ ಹಾಗೆ, ಚಿತ್ರಗಳ ಜೊತೆ. ಶುರುವಿನ ವಾರಗಳಲ್ಲಿ ನೋವು ಸ್ವಲ್ಪ ಹೆಚ್ಚಬಹುದು, ಅದು ಹಾನಿಯ ಗುರುತಲ್ಲ ಎಂದು ಬರೆಯಬೇಕು. ಕುಡಗೋಲು ಕಣದ ಪರೀಕ್ಷೆ ಆಗಿದೆಯೇ, ಕಾಲಿನಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿತ್ತೇ, ಬಿ.ಪಿ. ಎಷ್ಟಿದೆ ಎಂಬ ಮೂರು ಪ್ರಶ್ನೆ ಮೇಲ್ಗಡೆ. ಅದರ ಕೆಳಗೆ ದಪ್ಪಕ್ಷರದಲ್ಲಿ: ಪಟ್ಟಿ ಕಟ್ಟಿದಾಗ ಪಾದ ತಣ್ಣಗಾದರೆ, ನೀಲಿ ತಿರುಗಿದರೆ, ಜೋಮು ಹಿಡಿದರೆ ತಡಮಾಡಬೇಡಿ, ಯಾರನ್ನೂ ಕೇಳಬೇಡಿ, ಮೊದಲು ಪಟ್ಟಿ ಬಿಚ್ಚಿ.